ವಿಮಾನಕ್ಕೆ ನಾನಿಟ್ಟ ಕೆಂಪು ಬೊಟ್ಟು

ಆಗೆಲ್ಲ ಕಲರ್ ಫೋಟೋ ಎಂದರೆ ಯಾರೋ ಕೂತು ಕೈಯಾರೆ ಬಣ್ಣ ಹಚ್ಚಿದ ಫೋಟೋ ಎಂದೇ ಅರ್ಥ. ಸ್ಟುಡಿಯೋದಿಂದ ಎಲ್ಲವೂ ಕಪ್ಪು-ಬಿಳುಪಾಗಿಯೇ ಬರುತ್ತಿದ್ದವು. ಬೇಕೆಂದವರಿಗೆ ಮದುಮಗಳ ಸೀರೆಗೆ ಹಸಿರು, ಮದುಮಗನ ಪೇಟಕ್ಕೆ ಅರಿಸಿನ, ಇಬ್ಬರ ಕೆನ್ನೆಗೂ ಗುಲಾಬಿ ಹಚ್ಚಿ ಕೊಡುತ್ತಿದ್ದರು. ಬಣ್ಣದವನಿಗೆ ಹುಮ್ಮಸ್ಸು ಹೆಚ್ಚಾದರೆ ಮೀಸೆಯ ಅಜ್ಜಂದಿರಿಗೂ ತುಟಿ ಕೆಂಪಾಗುತ್ತಿತ್ತು. ನಮ್ಮ ಮೂಡಿಗೆರೆ ಕಡೆಯ ಎಷ್ಟೋ ಎಸ್ಟೇಟ್ ಮನೆಗಳ ಹಜಾರದಲ್ಲಿ ಅಂಥ ಲಿಪ್‌ಸ್ಟಿಕ್ ಅಜ್ಜಂದಿರು ಇನ್ನೂ ನೇತಾಡುತ್ತಿದ್ದಾರೆ. ನನ್ನ ವಯಸ್ಸಿನವರು ನೋಡಿಯೇ ಇರುತ್ತೀರಿ.

ನಾನು ಓದಿದ ಕಾನ್ವೆಂಟಿನಲ್ಲಿ ಈ ವಿದ್ಯೆಯನ್ನು ಕಲಿಸುತ್ತಿದ್ದರು. ಪೇಂಟಿಂಗ್ ಕಲಿಸುವ ವಯಸ್ಸಾದ ಸಿಸ್ಟರ್ ಬಳಿ ಒಂದು ಪುಟ್ಟ ಪುಸ್ತಕವಿತ್ತು. ಅದರ ಒಂದೊಂದು ಹಾಳೆಗೂ ಒಂದೊಂದು ಬಣ್ಣ ಕುಡಿಸಿರುತ್ತಿದ್ದರು. ಹಾಳೆಯ ಚೂರು ಕತ್ತರಿಸಿ ಸಾಸರಿನ ನೀರಿಗೆ ಹಾಕಿದರೆ ಬಣ್ಣ ಬಿಡುತ್ತಿತ್ತು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದರಲ್ಲಿ ಅದ್ದಿ, ಫೋಟೋದ ಮೇಲೆ ಹಗುರವಾಗಿ ಸವರಬೇಕು. “ಲೈಟ್ ಹ್ಯಾಂಡ್, ಗರ್ಲ್ಸ್, ಲೈಟ್ ಹ್ಯಾಂಡ್” ಎಂದು ಸಿಸ್ಟರ್ ನಮ್ಮ ಬೆನ್ನ ಹಿಂದೆ ಓಡಾಡುತ್ತಿದ್ದರು. ಬಣ್ಣದ ಕೆಳಗೆ ಫೋಟೋ ಕಾಣುತ್ತಿರಬೇಕು, ಫೋಟೋದಲ್ಲಿ ಇಲ್ಲದ್ದನ್ನು ನಾವು ಸೇರಿಸಬಾರದು. ಇವೆರಡೇ ಅವರ ರೂಲ್ಸ್. ಐದನೇ ಕ್ಲಾಸಿನಲ್ಲಿ ನನಗೆ ಫಸ್ಟ್ ಪ್ರೈಜ್ ಬಂತು. ಪ್ರೈಜ್ ಎಂದರೆ ಅವರು ಅರ್ಧ ಬಳಸಿದ್ದ ಆ ಬಣ್ಣದ ಪುಸ್ತಕವೇ. ಅದನ್ನು ಫ್ರಾಕಿನ ಜೇಬಿನಲ್ಲಿಟ್ಟುಕೊಂಡೇ ನಾನು ಆ ವರ್ಷ ಕ್ರಿಸ್‌ಮಸ್ ರಜೆಗೆ ಮನೆಗೆ ಬಂದದ್ದು.

ಕರೆದುಕೊಂಡು ಹೋಗಲು ಜೀಪಿನಲ್ಲಿ ಬರುತ್ತಿದ್ದವನು ನಮ್ಮ ಎಸ್ಟೇಟಿನ ರೈಟರ್ ಸಣ್ಣಪ್ಪಣ್ಣ. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ ಬರೆಯುವವನು, ಗೊಬ್ಬರದಿಂದ ಹಿಡಿದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮೆಷಿನ್ನಿನ ಬೆಲ್ಟಿನವರೆಗೆ ಎಲ್ಲದರ ಉಸ್ತುವಾರಿಯವನು. ನಮ್ಮ ಪೈಕಿಯವನೇ. ಮದುವೆಯಾಗಿ ವರ್ಷದೊಳಗೆ ಹೆಂಡತಿ ತೀರಿಕೊಂಡಿದ್ದಳು. ಮೂವತ್ತೈದರ ಆಸುಪಾಸಿನ ಆಳು. ಜೀಪು ಘಟ್ಟದ ತಿರುವಿನಲ್ಲಿ ಕೂಗಿಕೊಂಡರೆ ಅದಕ್ಕೇ ಬುದ್ಧಿ ಹೇಳುತ್ತಿದ್ದ.

“ಏನ್ ಮರೀ, ಆ ಸಿಸ್ಟರಮ್ಮಂದಿರು ಊಟಕ್ಕೆ ಎಂತ ಹಾಕ್ತಾರೆ? ಬರೀ ಇಂಗ್ಲೀಷಾ?” ಎಂದು ಶುರುಮಾಡಿದರೆ ಮನೆ ಬರುವವರೆಗೂ ನಾನು ನಗುತ್ತಲೇ ಇರುತ್ತಿದ್ದೆ.

ಡಿಸೆಂಬರ್ ಎಂದರೆ ನಮ್ಮಲ್ಲಿ ಕಾಫಿ ಹಣ್ಣಿನ ಕುಯ್ಲು. ಪಲ್ಪರ್ ಮನೆಯ ಹುಳಿ ವಾಸನೆ ಗೇಟಿನಲ್ಲೇ ಮೂಗಿಗೆ ಬಡಿಯುತ್ತಿತ್ತು. ಕಾಫಿ ಒಣಗಿಸುವ ಕಣದ ತುಂಬ ಸುಲಿದು ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿರುತ್ತಿತ್ತು. ಅದರ ಮೇಲೆ ಬರಿಗಾಲಲ್ಲಿ ಎ, ಬಿ, ಸಿ, ಡಿ ಬರೆಯುತ್ತ ನಡೆಯುವುದೇ ನಮ್ಮ ಆಟ. ಮೇಸ್ತ್ರಿ ಕೂಗಿದ ಕೂಡಲೇ ಓಟ. ಕಿತ್ತಳೆ ಮರದಡಿ ಕೂತು ಹೊಟ್ಟೆ ತುಂಬ ಹಣ್ಣು ತಿಂದು, ಸಿಪ್ಪೆಯನ್ನು ಒಬ್ಬರ ಕಣ್ಣಿಗೊಬ್ಬರು ಹಿಂಡಿ, ಅತ್ತುಕೊಂಡು ಒಳಗೆ ಬಂದರೆ ಗಿರಿಜಚಿಕ್ಕಿ ಸೆರಗಿನ ತುದಿಯನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತುತ್ತಿದ್ದಳು.

ಗಿರಿಜಚಿಕ್ಕಿ ಅಮ್ಮನ ಚಿಕ್ಕಪ್ಪನ ಮಗಳು. ನಮಗೆ ಚಿಕ್ಕಮ್ಮ, ಬಾಯಲ್ಲಿ ಚಿಕ್ಕಿ. ಅವಳಿಗೆ ಆಗ ಮೂವತ್ತೆರಡು. ಹದಿನಾರಕ್ಕೆ ಮದುವೆ. ಗಂಡ ಮಂಜಪ್ಪ ಚಿಕ್ಕಪ್ಪನನ್ನು ನಾವು ಮಕ್ಕಳು ಯಾರೂ ನೋಡಿದವರಲ್ಲ. ಮದುವೆಯಾದ ಏಳನೇ ತಿಂಗಳಿಗೆ, ಮಹಾಯುದ್ಧದ ಮಧ್ಯದಲ್ಲಿ, ಮನೆಯಲ್ಲಿ ಜಗಳ ಮಾಡಿಕೊಂಡು ಹೋಗಿ ವಿಮಾನದ ಫಿಟ್ಟರ್ ಕೆಲಸಕ್ಕೆ ಸೇರಿದ್ದನಂತೆ. ಅವನು ಮೆಟ್ರಿಕ್ ಫೇಲು. ಯಾರದೋ ಪಾಸಾದ ಸರ್ಟಿಫಿಕೇಟ್ ಕೊಟ್ಟು, ಅವರ ಹೆಸರಿನಲ್ಲೇ ಸೇರಿಕೊಂಡಿದ್ದ. ಯಾರ ಹೆಸರೆಂದು ಹೆಂಡತಿಗೂ ಹೇಳಿರಲಿಲ್ಲ. ಎರಡು ಪತ್ರ ಬಂದವು. ಅವುಗಳಲ್ಲಿ ಊರಿನ ಹೆಸರಿದ್ದ ಕಡೆಯೆಲ್ಲ ಸೆನ್ಸಾರಿನವರು ಕಪ್ಪು ಬಳಿದಿದ್ದರು. ಎರಡನೆಯದರ ಜೊತೆ ಒಂದು ಫೋಟೋ. ಆಮೇಲೆ ಏನೂ ಇಲ್ಲ. ಯುದ್ಧ ಮುಗಿದ ಮೇಲೆ ಅಪ್ಪಯ್ಯ ಎಲ್ಲೆಲ್ಲಿಗೋ ಬರೆದರು. ಮಂಜಪ್ಪ ಎನ್ನುವ ಹೆಸರಿನವರು ಇಲ್ಲ ಎಂದೇ ಎಲ್ಲ ಕಡೆಯಿಂದ ಉತ್ತರ. ಅತ್ತೆ-ಮಾವ ತೀರಿಕೊಂಡ ಮೇಲೆ ಅಮ್ಮ ಅವಳನ್ನು ನಮ್ಮ ಮನೆಗೇ ಕರೆತಂದಿದ್ದಳು.

ನನ್ನ ಬಣ್ಣದ ಪುಸ್ತಕ ನೋಡಿದ ದಿನವೇ ಚಿಕ್ಕಿ ಆ ಫೋಟೋವನ್ನು ಟ್ರಂಕಿನಿಂದ ತೆಗೆದಳು.

“ಮರೀ, ಇದಕ್ಕೂ ಹಚ್ತೀಯಾ? ಹಾಳ್ ಮಾಡ್ಬೇಡ ಮತ್ತೆ.”

“ಚಿಕ್ಕೀ, ನಂಗೆ ಫಸ್ಟ್ ಪ್ರೈಜ್ ಬಂದಿದೆ.”

“ಬಂತಪ್ಪ ದೊಡ್ಡ ಪ್ರೈಜು. ಅವರ ಶರ್ಟು ಖಾಕಿ ಇರ್ಲಿ. ಮುಖ ಭಾಳ ಬೆಳ್ಳಗೆ ಮಾಡ್ಬೇಡ. ಅಷ್ಟೇನ್ ಬೆಳ್ಳಗಿರ್ಲಿಲ್ಲ ಅವರು.” ಹೇಳಿ ತಾನೇ ನಾಚಿಕೊಂಡಳು.

ಪೋಸ್ಟ್ ಕಾರ್ಡಿನಷ್ಟು ಫೋಟೋ. ಚಡ್ಡಿ ಹಾಕಿಕೊಂಡ, ಟೋಪಿ ವಾರೆ ಮಾಡಿಕೊಂಡ ಒಬ್ಬ ಸಣಕಲ ಹುಡುಗ ವಿಮಾನದ ಮೈಮೇಲೆ, ಎಮ್ಮೆಯ ಬೆನ್ನ ಮೇಲಿಟ್ಟ ಹಾಗೆ, ಕೈಯಿಟ್ಟು ನಿಂತಿದ್ದ. ವಿಮಾನಕ್ಕೂ ಒಂದು ಥರ ಗೂನುಬೆನ್ನು. ಬಾಲದ ಹತ್ತಿರ ಬರೆದ ಅಕ್ಷರಗಳಲ್ಲಿ ಅರ್ಧ ಅವನ ಭುಜದ ಹಿಂದೆ ಮುಚ್ಚಿಹೋಗಿದ್ದವು, ಉಳಿದದ್ದು ಮಸಕು. ಪಕ್ಕದಲ್ಲಿ ಒಂದು ದುಂಡು ಗುರುತು: ಹೊರಗೆ ಕಪ್ಪು ಬಳೆ, ಮಧ್ಯ ಬಿಳಿ.

ಮೂರು ದಿನ ಕೂತೆ. ಆಕಾಶ ನೀಲಿಯಾಯಿತು, ಹುಲ್ಲು ಹಸಿರಾಯಿತು, ಚಿಕ್ಕಪ್ಪನಿಗೆ ಖಾಕಿ ಬಂತು. ದುಂಡು ಗುರುತಿಗೆ ಬಂದಾಗ ನನಗೆ ನೆನಪಾದದ್ದು ಕಾನ್ವೆಂಟಿನ ಲೈಬ್ರರಿಯ ಹಳೇ ಪಿಕ್ಚರ್ ಎನ್‌ಸೈಕ್ಲೊಪೀಡಿಯಾ. ಅದರಲ್ಲಿ ಬ್ರಿಟಿಷರ ವಿಮಾನದ ಬಣ್ಣದ ಚಿತ್ರವಿತ್ತು. ಹೊರಗೆ ನೀಲಿ, ಆಮೇಲೆ ಬಿಳಿ, ನಟ್ಟನಡುವೆ ಕೆಂಪು. ಈ ಫೋಟೋದಲ್ಲಿ ನಡುವೆ ಏನೂ ಇಲ್ಲವಲ್ಲ! ಪೇಂಟರ್ ಮರೆತಿರಬೇಕು, ಪಾಪ, ಎಂದುಕೊಂಡೆ. ಹಾಳೆಯ ಬಣ್ಣ ತೆಳುವಾಗಿ ಕಂಡಿತು. ಅಪ್ಪಯ್ಯನ ಆಫೀಸ್ ಕೋಣೆಗೆ ಹೋಗಿ ಕೆಂಪು ಇಂಕಿನ ಬಾಟ್ಲಿ ತಂದು, ಬಿಳಿಯ ನಟ್ಟನಡುವೆ ಎರಡು ಸಲ ದಪ್ಪಗೆ ಬೊಟ್ಟಿಟ್ಟೆ. ಸಿಸ್ಟರ್ ಹೇಳಿದ ಎರಡೂ ರೂಲ್ಸನ್ನು ಒಂದೇ ಕೈಯಲ್ಲಿ ಮುರಿದಿದ್ದೆ. ಗೊತ್ತಿತ್ತು. ಆದರೆ ಎಷ್ಟು ಸ್ಮಾರ್ಟಾಗಿ ಕಾಣುತ್ತಿತ್ತು ವಿಮಾನ!

ಚಿಕ್ಕಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಓಡಿದಳು. ಅಡಿಗೆಮನೆಯಿಂದ ಕಣದವರೆಗೂ ಮೆರವಣಿಗೆ. ಸಣ್ಣಪ್ಪಣ್ಣನಿಗೂ ತೋರಿಸಿದಳು.

ಅವನು ಕೈ ಒರೆಸಿಕೊಂಡು ಫೋಟೋ ತೆಗೆದುಕೊಂಡ. ತುಂಬ ಹೊತ್ತು ನೋಡಿದ. “ಒಳ್ಳೆ ಆಳು” ಎಂದು ಹಿಂದಕ್ಕೆ ಕೊಟ್ಟ. ಅಷ್ಟೇ. ತಮಾಷೆ ಮಾಡಲಿಲ್ಲ.

ಯಾಕೆಂದು ನನಗೆ ಎರಡು ದಿನದ ಮೇಲೆ ತಿಳಿಯಿತು. ಹಜಾರದ ಬೆಂಚಿನ ಹಿಂದೆ ನಾನು ನನ್ನ ತಮ್ಮನ ಜೊತೆ ಕಣ್ಣಾಮುಚ್ಚಾಲೆಗೆ ಅಡಗಿದ್ದೆ. ಸಣ್ಣಪ್ಪಣ್ಣ ಅಪ್ಪಯ್ಯನ ಮುಂದೆ ನಿಂತಿದ್ದ.

“ನಾನಾಗಿ ಕೇಳ್ಬಾರ್ದು ಅಯ್ಯ. ಆದ್ರೂ ಕೇಳ್ತಿದೀನಿ. ಗಿರಿಜಮ್ಮ ಒಪ್ಪಿದ್ರೆ, ನೀವು ಹೂಂ ಅಂದ್ರೆ.”

“ಅವಳ ಹತ್ರ ಮಾತಾಡಿದೀಯೇನೋ?”

“ಇಲ್ಲ ಅಯ್ಯ. ಆದ್ರೆ ಅವರಿಗೆ ಗೊತ್ತು.”

ನಮ್ಮಲ್ಲಿ ಗಂಡ ಸತ್ತ ಹೆಂಗಸನ್ನು ಇನ್ನೊಬ್ಬನಿಗೆ ಕೂಡಿಕೆ ಮಾಡಿಕೊಡುವ ಪದ್ಧತಿ ಹಿಂದಿನಿಂದಲೂ ಇತ್ತು. ನಾಲ್ಕು ಜನ ಹಿರಿಯರ ಮುಂದೆ ಸೀರೆ ಕೊಟ್ಟರೆ ಮುಗಿಯಿತು, ಯಾರೂ ಹೀನಾಯವಾಗಿ ಕಾಣುತ್ತಿರಲಿಲ್ಲ. ಆದರೆ ಅದು ಗಂಡ ಸತ್ತವಳಿಗೆ. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದವಳಿಗೆ ಅಲ್ಲ. ಅಂಥವಳಿಗೆ ಇದ್ದದ್ದು ಕಾಯುವುದೊಂದೇ.

ಅಪ್ಪಯ್ಯ ಯೋಚಿಸಿ ಹೇಳಿದರು. “ಬಣಕಲ್ ಹತ್ರ ತೋಟ ತಗೊಂಡಿದಾರಲ್ಲ, ವಿಮಾನದ ದೊರೆಗಳು, ಅವರಿಗೊಂದ್ಸಲ ಆ ಫೋಟೋ ತೋರ್ಸೋಣ. ಅವರು ಈ ವಿಮಾನ ಇಂಥ ಕಡೆದು, ಹುಡುಗ ತೀರಿಹೋಗಿದಾನೆ ಅಂದ್ರೆ ನಾನೇ ನಿಂತು ಮಾಡಿಸ್ತೀನಿ.”

ವಿಮಾನದ ದೊರೆಗಳು ಎಂದರೆ ರಿಟೈರಾದ ವಿಂಗ್ ಕಮಾಂಡರ್. ಯುದ್ಧದ ಕಾಲದಲ್ಲಿ ವಿಮಾನ ಹಾರಿಸಿದವರು. ಎತ್ತರದ ಆಳು, ಮೈಸೂರು ಕಡೆಯ ಮೃದು ಮಾತು. ಭಾನುವಾರ ಬಂದರು. ಚಿಕ್ಕಿ ಬೆಳಗ್ಗೆಯೇ ತಲೆಗೆ ನೀರೆರೆದುಕೊಂಡು ಕಡುಬು ಬೇಯಿಸಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತೆಂದು ಈಗ ನನಗೆ ಅನಿಸುತ್ತದೆ. ಸಣ್ಣಪ್ಪಣ್ಣ ಒಳಗೆ ಬರಲಿಲ್ಲ. ಕಣದಲ್ಲಿ ಪಾರ್ಚ್‌ಮೆಂಟ್ ಎಳೆಯುವ ನೆಪದಲ್ಲಿ ಹಜಾರದ ಕಿಟಕಿಯ ಕೆಳಗೇ ಸುಳಿಯುತ್ತಿದ್ದ.

ಕಮಾಂಡರ್ ಜೇಬಿನಿಂದ ಲೆನ್ಸ್ ತೆಗೆದರು. ನೋಡಿದ ಕೂಡಲೇ ಅವರ ಮುಖ ಹುಡುಗನ ಮುಖವಾಯಿತು.

“ಹರಿಕೇನ್! ಈ ಗೂನು ನೋಡಿ, ಎಲ್ಲಿದ್ರೂ ಗುರುತು ಸಿಗತ್ತೆ. ಆದ್ರೆ ಈ ಮೆಷಿನ್ ಇಲ್ಲದ ಜಾಗವೇ ಇರ್ಲಿಲ್ಲ. ಇಂಗ್ಲೆಂಡಲ್ಲಿತ್ತು, ಈಜಿಪ್ಟಲ್ಲಿತ್ತು, ನಮ್ಮ ಬರ್ಮಾ ಗಡಿಯಲ್ಲೂ ಇತ್ತು. ಬರೀ ವಿಮಾನ ನೋಡಿ ಎಲ್ಲೀದು ಅನ್ನೋಕಾಗಲ್ಲ. ನಂಬರ್ ಬೇಕು.” ಬಾಲದ ಅಕ್ಷರಗಳ ಮೇಲೆ ಲೆನ್ಸ್ ಓಡಿಸಿದರು. “ಇಲ್ಲ, ಓದಕ್ಕಾಗಲ್ಲ. ಬಣ್ಣದಲ್ಲಿ ಮುಚ್ಚಿದೆ.”

ಆಮೇಲೆ ದುಂಡು ಗುರುತಿಗೆ ಬಂದರು. ಅಲ್ಲೇ ನಿಂತರು. ಎದ್ದು ಕಿಟಕಿಯ ಬೆಳಕಿಗೆ ಹಿಡಿದರು.

“ಇಲ್ಲಿ ಬಣ್ಣ ದಪ್ಪ ಕೂತಿದೆ. ಕೆಳಗಿರೋದು ಕಾಣ್ತಿಲ್ಲ. ಯಾರು ಹಚ್ಚಿದ್ದು ಇದನ್ನ?”

“ನಮ್ ಮರಿ” ಎಂದಳು ಚಿಕ್ಕಿ ಬಾಗಿಲ ಸಂದಿಯಿಂದ. ಆ ಗಾಬರಿಯಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು. “ಕಾನ್ವೆಂಟಲ್ಲಿ ಪ್ರೈಜ್ ಬಂದಿದೆ ಅದಕ್ಕೆ.”

ಅವರು ನನ್ನ ಕಡೆ ತಿರುಗಿ, ದೊಡ್ಡವರನ್ನು ಕೇಳುವ ಹಾಗೆ ಇಂಗ್ಲಿಷ್ ಬೆರೆಸಿ ಕೇಳಿದರು. “ಟೆಲ್ ಮೀ, ಯಂಗ್ ಲೇಡಿ. ಈ ಕೆಂಪು ಹಚ್ಚೋ ಮೊದಲು ಇಲ್ಲಿ ಏನಿತ್ತು? ಡಾರ್ಕ್ ಆರ್ ವೈಟ್?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಿಳಿ ಎಂದರೆ, ಫೋಟೋದಲ್ಲಿ ಇಲ್ಲದ್ದನ್ನು ನಾನು ಸೇರಿಸಿದೆ ಎಂದಂತೆ. ಅದೂ ಇಂಕಿನಲ್ಲಿ. ಪ್ರೈಜ್ ಬಂದವಳು. ಅವಮಾನ ಆಗುತ್ತದಲ್ಲ ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

“ಡಾರ್ಕ್, ಸರ್” ಎಂದೆ.

“ಶ್ಯೂರ್?”

“ಯೆಸ್ ಸರ್. ವೆರಿ ಡಾರ್ಕ್.”

ನನ್ನ ಇಂಗ್ಲಿಷ್ ಕೇಳಿ ಅಪ್ಪಯ್ಯನ ಮುಖ ಅರಳಿತು. ಕಮಾಂಡರ್ ನಿಟ್ಟುಸಿರುಬಿಟ್ಟು ಕೂತರು. ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ.

“ಹಾಗಾದ್ರೆ ಕೇಳಿ. ಜಪಾನಿನವರ ವಿಮಾನದ ಮೇಲೆ ಕೆಂಪು ಸೂರ್ಯ ಇರ್ತಿತ್ತು. ದೂರದಿಂದ ಕೆಂಪು ಕಂಡ ಕೂಡ್ಲೇ ನಮ್ಮೋರು ನಮ್ಮೋರಿಗೇ ಗುಂಡು ಹಾರಿಸೋಕೆ ಶುರುಮಾಡಿದ್ರು. ಅದಕ್ಕೆ ಇಂಡಿಯಾ, ಬರ್ಮಾ ಕಡೆಯ ಎಲ್ಲಾ ಮೆಷಿನ್‌ಗಳ ಮೇಲಿಂದ ಕೆಂಪನ್ನ ಅಳಿಸಿಬಿಟ್ರು. ಈ ಹುಡುಗ ಸೇರೋ ಹೊತ್ತಿಗೆ ನಮ್ಮ ಕಡೆ ಬರೀ ನೀಲಿ-ಬಿಳಿ. ಫೋಟೋದಲ್ಲಿ ಕೆಂಪು ಬಂದ್ರೆ ಕಪ್ಪಾಗಿ ಕಾಣತ್ತೆ. ಮಗು ಡಾರ್ಕ್ ಅಂತಿದೆ. ಅಂದ್ರೆ ಇದು ಬರ್ಮಾ ಗಡಿಯ ಮೆಷಿನ್ ಅಲ್ಲ. ಈಜಿಪ್ಟ್ ಕಡೆದಿರಬಹುದು. ಹಡಗು ಹತ್ತಿ ಆ ಕಡೆ ಹೋದೋರು ಒಬ್ಬಿಬ್ರು ಇದ್ರು.”

“ಬಿಳಿ ಇದ್ದಿದ್ರೆ?” ಅಪ್ಪಯ್ಯ ಕೇಳಿದರು.

“ಬಿಳಿ ಇದ್ದಿದ್ರೆ ನಾನು ಕಾಯಬೇಡಿ ಅಂತಿದ್ದೆ. ಬರ್ಮಾ ಕಾಡಲ್ಲಿ ಕಾಣೆಯಾದೋರು ಇಷ್ಟು ವರ್ಷದ ಮೇಲೆ ಬರಲ್ಲ. ಆದ್ರೆ ಇದು ಬೇರೆ. ಆ ಕಡೆ ಹೋದೋನು, ಅದೂ ಬೇರೆ ಹೆಸರಲ್ಲಿ, ಅಲ್ಲೇ ಎಲ್ಲಾದ್ರೂ ಉಳ್ಕೊಂಡಿರಬಹುದು. ಇದಾನೋ ಇಲ್ವೋ, ಸತ್ತಿದಾನೆ ಅಂತ ನಾನು ಬಾಯಿಬಿಟ್ಟು ಹೇಳಲಾರೆ.” ಎದ್ದು ಬಾಗಿಲ ಕಡೆ ಕೈ ಮುಗಿದರು. “ಕ್ಷಮಿಸಿಮ್ಮ.”

ಒಳಗೆ ಚಿಕ್ಕಿ ಅಳುತ್ತಿದ್ದಳು. ಅದು ಸಂತೋಷದ ಅಳುವೋ ಬೇರೆಯದೋ ನನಗೆ ಗೊತ್ತಾಗಲಿಲ್ಲ. ಕಿಟಕಿಯ ಕೆಳಗೆ ಪಾರ್ಚ್‌ಮೆಂಟ್ ಎಳೆಯುವ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಹತ್ತು ವರ್ಷದ ಹುಡುಗಿಗೆ ಅದೆಲ್ಲ ಅರ್ಥವಾಗಿರಲಿಲ್ಲ ಎಂದು ಬರೆದರೆ ನೀವು ನಂಬಬಹುದು. ಆದರೆ ನನಗೆ ಅರ್ಥವಾಗಿತ್ತು. ಬೆಂಚಿನ ಹಿಂದೆ ಕೇಳಿದ ಮಾತು, ಈಗ ಕೇಳಿದ ಮಾತು, ಎರಡನ್ನೂ ಜೋಡಿಸುವಷ್ಟು ಬುದ್ಧಿ ನನಗಿತ್ತು. ಗಣಿತದಲ್ಲೂ ನಾನೇ ಫಸ್ಟ್.

ಮಾರನೆಯ ಬೆಳಗ್ಗೆ ಚಿಕ್ಕಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು.

“ನೀನು ಬಣ್ಣ ಹಚ್ದೆ ಅಂತ್ಲೇ ಅಲ್ವಾ ಮರೀ, ಅಷ್ಟಾದ್ರೂ ಗೊತ್ತಾಗಿದ್ದು” ಎಂದಳು. “ಇಲ್ದಿದ್ರೆ ಫೋಟೋ ಟ್ರಂಕಲ್ಲೇ ಕೊಳೀತಿತ್ತು.”

ಆಗ ಹೇಳಬಹುದಿತ್ತು. ಅವಳ ಬೆರಳು ನನ್ನ ನೆತ್ತಿಯ ಮೇಲಿತ್ತು, ಸುತ್ತ ಯಾರೂ ಇರಲಿಲ್ಲ. ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಒಂದು ಯೋಚನೆ ಬಂತು. ಹೇಳಿದರೆ ಚಿಕ್ಕಿ ಸಣ್ಣಪ್ಪಣ್ಣನ ಮನೆಗೆ ಹೋಗಿಬಿಡುತ್ತಾಳೆ. ರಜೆಗೆ ಬಂದಾಗ ಈ ಮೆಟ್ಟಿಲ ಮೇಲೆ ನನಗೆ ಯಾರೂ ಎಣ್ಣೆ ಹಚ್ಚುವುದಿಲ್ಲ. ಅವಳಿಗೆ ಅವಳದೇ ಮಗು ಹುಟ್ಟುತ್ತದೆ, ಅದನ್ನು ಮರಿ ಎನ್ನುತ್ತಾಳೆ. ನಾನು ಬಾಯಿ ಮುಚ್ಚಿಕೊಂಡೆ. ಮೊದಲನೆಯ ಸುಳ್ಳು ಹೆದರಿಕೆಯಿಂದ ಹುಟ್ಟಿದ್ದು, ಅದನ್ನು ಬೇಕಾದರೆ ಕ್ಷಮಿಸಿಬಿಡಿ. ಈ ಎರಡನೆಯ ಮೌನ ಬರೀ ಸ್ವಾರ್ಥ.

ರಜೆ ಮುಗಿದು ಕಾನ್ವೆಂಟಿಗೆ ವಾಪಸು ಬಿಡಲು ಸಣ್ಣಪ್ಪಣ್ಣನೇ ಬಂದ. ಅವತ್ತು ಅವನು ಜೀಪಿನ ಜೊತೆಯೂ ಮಾತಾಡಲಿಲ್ಲ. ಮೂಡಿಗೆರೆ ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

“ಮರೀ, ಆ ನಡುಮಧ್ಯ ಕಪ್ಪೇ ಇತ್ತಾ?”

“ಹೂಂ.”

“ಚೆನ್ನಾಗಿ ನೆನಪಿದ್ಯಾ?”

“ಹೂಂ ಸಣ್ಣಪ್ಪಣ್ಣ.”

“ಸರಿ ಬಿಡು ಮಾರಾಯ್ತಿ. ಸುಮ್ನೆ ಕೇಳ್ದೆ.” ಮುಂದೆ ಒಂದು ಅಂಗಡಿಯ ಹತ್ತಿರ ಜೀಪು ನಿಲ್ಲಿಸಿ ನನಗೆ ಪೆಪ್ಪರ್‌ಮಿಂಟ್ ಕೊಡಿಸಿದ. ನಾನು ಅಷ್ಟನ್ನೂ ತಿಂದೆ.

ಮುಂದಿನ ಸಲ ರಜೆಗೆ ಬಂದಾಗ ಜೀಪಿನಲ್ಲಿ ಬೇರೆ ಯಾರೋ ಇದ್ದರು. ಸಂಸೆಯ ಕಡೆಯ ಯಾವುದೋ ಎಸ್ಟೇಟಿಗೆ ಸಣ್ಣಪ್ಪಣ್ಣ ರೈಟರಾಗಿ ಹೋದನಂತೆ. ಎರಡು ವರ್ಷದ ಮೇಲೆ ಅಲ್ಲೇ ಮದುವೆಯೂ ಆಯಿತಂತೆ. ಸುದ್ದಿ ಬಂದ ದಿನ ಚಿಕ್ಕಿ ಕಣದಲ್ಲಿ ತಾನೇ ಪಾರ್ಚ್‌ಮೆಂಟ್ ಹರಡುತ್ತಿದ್ದಳು. “ಒಳ್ಳೇದಾಯ್ತು. ಎಷ್ಟು ದಿನ ಒಬ್ನೇ ಬೇಯಿಸ್ಕೊಂಡು ತಿಂತಾನೆ” ಎಂದಳು. ಸಂಜೆಯಾಗುವವರೆಗೂ ಒಳಗೆ ಬರಲಿಲ್ಲ.

ನಮ್ಮ ಕ್ಲಾಸಿನ ಕ್ಯಾಥೊಲಿಕ್ ಹುಡುಗಿಯರು ಶನಿವಾರ ಸಾಲಾಗಿ ಕನ್ಫೆಷನ್‌ಗೆ ಹೋಗಿ, ಐದು ನಿಮಿಷದಲ್ಲಿ ಹಗುರಾಗಿ, ನಗುತ್ತ ಬರುತ್ತಿದ್ದರು. ಗೌಡರ ಮನೆಯ ಹುಡುಗಿಗೆ ಆ ಸೌಲಭ್ಯ ಇರಲಿಲ್ಲ. ಒಂದು ಸಲ ಸಾಲಿನಲ್ಲಿ ನಿಂತೂ ನೋಡಿದೆ. ಸಿಸ್ಟರ್ ನಗುತ್ತ ಕೈಹಿಡಿದು ಹೊರಗೆ ಕರೆತಂದರು. ಆಮೇಲೆ ಕಾಲೇಜು, ಮದುವೆ, ಬೆಂಗಳೂರು, ಮಕ್ಕಳು. ನನ್ನ ಮದುವೆಯಲ್ಲಿ ಮುತ್ತೈದೆಯರ ಸಾಲಿನಲ್ಲಿ ಮೊದಲು ನಿಂತು ನನಗೆ ಅರಿಸಿನ ಹಚ್ಚಿದವಳು ಗಿರಿಜಚಿಕ್ಕಿ. ಹಣೆಯ ಮೇಲೆ ಕಾಸಗಲ ಕುಂಕುಮ. ಅವಳು ಕೆನ್ನೆ ಮುಟ್ಟಿದಾಗಲೂ ಹೇಳಲಿಲ್ಲ. ಪ್ರತಿ ವರ್ಷ ಹೋದಾಗಲೂ ಈ ಸಲ ಹೇಳುತ್ತೇನೆ ಎಂದುಕೊಂಡು ಹೋಗಿ, ಅವಳು ಮಾಡಿದ್ದನ್ನೆಲ್ಲ ತಿಂದು, ಉಪ್ಪಿನಕಾಯಿಯ ಜಾಡಿ ಹೊತ್ತುಕೊಂಡು ಬರುತ್ತಿದ್ದೆ.

ಕೊನೆಗೆ ಹೇಳಿಸಿದವನು ನನ್ನ ತಮ್ಮನ ಮಗ ಶರತ್. ಇಪ್ಪತ್ತು ವರ್ಷದ ಹಿಂದಿನ ಮಾತು. ಈಗ ತೋಟ ನೋಡಿಕೊಳ್ಳುವವನು ಅವನೇ. ಹಳೇ ವಿಮಾನಗಳ ಹುಚ್ಚು, ಕಂಪ್ಯೂಟರಿನಲ್ಲಿ ದೇಶವಿದೇಶದ ಅಂಥದೇ ಹುಚ್ಚರ ಪರಿಚಯ. ಚಿಕ್ಕಿಯನ್ನು ಕಾಡಿ ಬೇಡಿ ಆ ಫೋಟೋ ಸ್ಕ್ಯಾನ್ ಮಾಡಿದನಂತೆ. ಒಂದು ಮಧ್ಯಾಹ್ನ ಫೋನ್ ಮಾಡಿದ.

“ಅತ್ತೆ, ಭಾರೀ ಇಂಟರೆಸ್ಟಿಂಗ್. ಕಂಪ್ಯೂಟರಲ್ಲಿ ಬಣ್ಣ ಪೂರ್ತಿ ತೆಗೆದು ನೋಡಿದೆ. ನಡುವಿನ ಕೆಂಪು ಒರಿಜಿನಲ್ ಅಲ್ವೇ ಅಲ್ಲ, ಯಾರೋ ಇಂಕಲ್ಲಿ ತಿದ್ದಿದಾರೆ. ಕೆಳಗೆ ಕ್ಲೀನ್ ವೈಟ್! ಬಾಲದ ಎರಡು ಅಕ್ಷರ, ಒಂದು ನಂಬರ್ ಕೂಡ ಈಗ ಕಾಣ್ತಿದೆ. ಗ್ರೂಪಲ್ಲಿ ಎಲ್ಲರೂ ಒಂದೇ ಮಾತು ಹೇಳ್ತಿದಾರೆ, ಬರ್ಮಾ ಗಡಿಯ ಮೆಷಿನ್. ಗಿರಿಜಜ್ಜಿಗೆ ಹೇಳ್ಲಾ?”

“ಬೇಡ. ನಾನು ಬರ್ತೀನಿ” ಎಂದೆ.

ಹೋದಾಗ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ ಎರಡು ದಿನವಿತ್ತು. ಚಿಕ್ಕಿಗೆ ಎಪ್ಪತ್ತೈದು ದಾಟಿತ್ತು. ಅಡಿಗೆಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಇಂಕು, ಲೆನ್ಸು, ಡಾರ್ಕ್ ಸರ್, ಎಣ್ಣೆ ಹಚ್ಚಿದ ಬೆಳಗ್ಗೆ, ಜೀಪು, ಪೆಪ್ಪರ್‌ಮಿಂಟ್.

ಅವಳ ಕೈ ನಿಂತಿತ್ತು. “ಬಿಳಿ ಇತ್ತಾ?” ಎಂದಳು.

“ಬಿಳಿ ಇತ್ತು ಚಿಕ್ಕೀ.”

“ನಾನೂ ಎಷ್ಟ್ ಸಲ ನೋಡಿದ್ನೋ ಅದನ್ನ. ನಂಗೆ ಅವರ ಮುಖ ಬಿಟ್ಟು ಇನ್ನೇನೂ ಕಾಣ್ತಿರ್ಲಿಲ್ಲ ಕಣೇ. ವಿಮಾನ ಯಾರಿಗೆ ಬೇಕಿತ್ತು?” ಕೈಯಲ್ಲಿದ್ದ ಎಲೆಯನ್ನು ಮಡಿಲಿಗಿಟ್ಟುಕೊಂಡು ಕೇಳಿದಳು. “ಹಾಗಾದ್ರೆ ಅವರು ಹೋಗಿ ಅರವತ್ತು ವರ್ಷ ಆಯ್ತು?”

“ಹೂಂ.”

ಸಣ್ಣಪ್ಪಣ್ಣನ ಹೆಸರಿಗೆ, ಬಯ್ಗುಳಕ್ಕೆ, ಒಂದು ಏಟಿಗೂ ನಾನು ತಯಾರಾಗಿ ಹೋಗಿದ್ದೆ. ನಾನು ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ ತಪ್ಪು ಅದೇ ಆಗಿತ್ತು: ಅವಳ ಒಂದು ಸಂಸಾರ ಹಾಳು ಮಾಡಿದೆ ಎನ್ನುವುದು. ಅವಳು ಹೇಳಿದ್ದು ಬೇರೆ.

“ಅರವತ್ತು ವರ್ಷ ಅವರಿಗೊಂದು ಎಡೆ ಇಡ್ಲಿಲ್ಲ ನಾನು. ನಿಮ್ಮಜ್ಜಂಗೆ ಇಟ್ಟೆ, ಅಜ್ಜಿಗೆ ಇಟ್ಟೆ. ಹೆಸರೇ ಗೊತ್ತಿಲ್ಲದ ಹಿರಿಯರು ಬರ್ತಾರೆ ಅಂತ ಅವರಿಗೂ ಒಂದೆಲೆ ಇಟ್ಟೆ. ನನ್ ಕೈಯಾರೆ ಎಲ್ಲರಿಗೂ ಬಡಿಸಿದೀನಿ. ಅವರಿಗೊಬ್ರಿಗೆ ಇಡ್ಲಿಲ್ಲ. ಬದುಕಿರೋರಿಗೆ ಇಡಬಾರ್ದಲ್ಲ? ಪ್ರತಿ ವರ್ಷ ಬಂದು ಬಾಗಿಲಲ್ಲಿ ನಿಂತು, ಎಲ್ಲರೂ ಉಣ್ಣೋದು ನೋಡಿ, ಹಸ್ಕೊಂಡು ಹೋಗಿದಾರೆ.”

ಇದು ನನ್ನ ಕಾನ್ವೆಂಟ್ ಕಾನ್ಷಿಯನ್ಸಿಗೆ ಹೊಳೆದೇ ಇರಲಿಲ್ಲ.

ಅವಳು ಮತ್ತೆ ನಾರು ತೆಗೆಯತೊಡಗಿದಳು. “ಕುಂಕುಮ ಈಗೇನೂ ತೆಗೆಯಲ್ಲ. ಈ ವಯಸ್ಸಲ್ಲಿ ಊರೋರ ಬಾಯಿಗೆ ಬೀಳೋದು ಬೇಡ. ಆದ್ರೆ ನಾಳಿದ್ದು ಒಂದೆಲೆ ಜಾಸ್ತಿ ಹಾಕೋದು. ಶರತಂಗೆ ನಾನೇ ಹೇಳ್ತೀನಿ.”

ಹಬ್ಬದ ದಿನ ಎಡೆಯಲ್ಲಿ ತೀರಿಹೋದವರಿಗೆ ಇಷ್ಟವಾದದ್ದನ್ನೇ ಇಡಬೇಕು. ಅಜ್ಜನಿಗೆ ಒಣಮೀನು, ಅಪ್ಪಯ್ಯನಿಗೆ ಪತ್ರೊಡೆ, ಅಮ್ಮನಿಗೆ ಬೆಲ್ಲ ಹೆಚ್ಚಿಗೆ ಹಾಕಿದ ಕಾಫಿ. ಚಿಕ್ಕಿ ಎಲ್ಲವನ್ನೂ ಸರಸರ ಬಡಿಸಿಕೊಂಡು ಬಂದು, ಕೊನೆಯ ಎಲೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟಳು.

“ಎಂತ ಇಡ್ಲೇ? ಅವರಿಗೆ ಏನಿಷ್ಟ ಅಂತ ನಂಗೆ ನೆನಪೇ ಇಲ್ಲ. ಏಳು ತಿಂಗಳಲ್ಲಿ ಮೂರು ತಿಂಗಳು ತವರಲ್ಲಿದ್ದೆ. ಉಳಿದಿದ್ರಲ್ಲಿ ಅತ್ತೆ ಬಡಿಸ್ತಿದ್ರು, ನಾನು ಬಾಗಿಲ ಹಿಂದೆ ನಿಂತಿರ್ತಿದ್ದೆ.” ಆಮೇಲೆ, ನನಗಲ್ಲ, ಸೌಟಿಗೆ ಹೇಳುವ ಹಾಗೆ ಹೇಳಿದಳು. “ಸಣ್ಣಪ್ಪಂದಾದ್ರೆ ಹೇಳ್ತಿದ್ದೆ. ಹುರುಳಿ ಸಾರು. ಒಗ್ಗರಣೆಗೆ ಬೆಳ್ಳುಳ್ಳಿ ಜಾಸ್ತಿ.”

ಎಲ್ಲದರಲ್ಲೂ ಒಂದೊಂದು ತುತ್ತು ಬಡಿಸಿದಳು. ದೀಪ ಹಚ್ಚಿ, ಧೂಪ ಹಾಕಿ ಕೋಣೆಯ ಬಾಗಿಲು ಮುಚ್ಚಿದೆವು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಮನೆಯವರು ಹೊರಗಿರಬೇಕು. ಶರತ್ ಮತ್ತು ಅವನ ಹೆಂಡತಿ ಅಂಗಳಕ್ಕೆ ಹೋದರು. ನಾನೂ ಚಿಕ್ಕಿಯೂ ಮುಚ್ಚಿದ ಬಾಗಿಲಿಗೆ ಬೆನ್ನುಕೊಟ್ಟು ಕೂತೆವು.

ಈಗ ಚಿಕ್ಕಿಯೂ ಇಲ್ಲ. ಸಂಸೆಯ ಕಡೆ ಸಣ್ಣಪ್ಪಣ್ಣನೂ ತೀರಿಕೊಂಡ ಎಂದು ಕೇಳಿದೆ. ಫೋಟೋಗಳಿಗೆ ಬಣ್ಣ ತಾನಾಗಿಯೇ ಬರುತ್ತದೆ, ತಪ್ಪು ಹಚ್ಚಲು ಯಾರ ಕೈಯೂ ಬೇಕಾಗಿಲ್ಲ. ನನಗೀಗ ಎಪ್ಪತ್ತಾರು. ನನ್ನ ಆ ಒಂದು ಮಾತಿನಿಂದ ಏನೇನು ಹೋಯಿತು ಎಂದು ಕೂತು ಯೋಚಿಸುವಾಗಲೆಲ್ಲ ಒಂದೊಂದು ಸಲ ಒಂದೊಂದು ಕಾಣುತ್ತದೆ. ಬೆಳ್ಳುಳ್ಳಿ ಒಗ್ಗರಣೆಯ ಘಮ ಹುಟ್ಟದೇ ಹೋದ ಒಂದು ಅಡಿಗೆಮನೆ. ನಾನು ಹುಟ್ಟಲು ಬಿಡದ, ಅವಳು ಮರಿ ಎಂದು ಕರೆಯಬೇಕಿದ್ದ ಒಂದು ಮಗು. ಬಾಗಿಲಲ್ಲಿ ನಿಂತು ನಿಂತು ಹಸಿದ ಒಬ್ಬ ಹುಡುಗ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅವತ್ತು ಆ ಬಾಗಿಲಿಗೆ ಒರಗಿಕೊಂಡು ಚಿಕ್ಕಿ ಪಿಸುಗುಟ್ಟಿದ ಮಾತು.

“ಬಂದಿರ್ತಾರೆ ಅಂತೀಯಾ?”

“ಬಂದಿರ್ತಾರೆ ಚಿಕ್ಕೀ.”

“ಅವರಿಗೆ ಇನ್ನೂ ಇಪ್ಪತ್ತೆರಡು ಅಲ್ವೇನೇ?” ತನ್ನ ಸುಕ್ಕುಗಟ್ಟಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ನನ್ನ ಗುರ್ತು ಸಿಗಲ್ಲ ಬಿಡು. ಯಾವ್ದೋ ಮುದುಕಿ ಬಡಿಸಿದ್ಲು ಅಂದ್ಕೊಂಡು ಉಂಡು ಹೋಗ್ತಾರೆ.”